‘ಟೀಚರ್, ಕಂಪನಿ ಇಂಗ್ಲಿಷ್ ಬರಲು ಎಷ್ಟು ತಿಂಗಳು ಬೇಕು?’

ಪದವಿ ಫಲಿತಾಂಶ ಬಂದ ವಾರದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಪುತ್ತೂರಿನಿಂದ, ಬಿ.ಸಿ. ರೋಡಿನಿಂದ, ಬೈಂದೂರಿನಿಂದ ಕರೆಗಳು ಬರುತ್ತವೆ. ಕೆಲವು ಸಲ ಮಕ್ಕಳೇ ಮಾತನಾಡುತ್ತಾರೆ, ಹೆಚ್ಚಿನ ಸಲ ಅವರ ತಾಯಂದಿರು. ಪ್ರಶ್ನೆ ಒಂದೇ: “ಟೀಚರ್, ಇವಳು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮಾರ್ಕು ಒಳ್ಳೆಯದೇ ಇದೆ. ಕಂಪನಿಯಲ್ಲಿ ಮಾತನಾಡುವ ಇಂಗ್ಲಿಷ್ ಬರಲು ಎಷ್ಟು ತಿಂಗಳು ಬೇಕು?”

ಹತ್ತನೇ ತರಗತಿಯ ಇಂಗ್ಲಿಷ್ ಪಾಠವನ್ನು ತಾನಾಗಿ ಓದಿ ಅರ್ಥ ಮಾಡಿಕೊಳ್ಳಬಲ್ಲವರಿಗೆ ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಸಾಕು. ಮಂಗಳೂರಿನ ಹಂಪನಕಟ್ಟೆಯ ಒಂದು ಕೋಣೆಯಲ್ಲಿ ಹದಿನಾಲ್ಕು ವರ್ಷ ಸಂಜೆ ತರಗತಿ ನಡೆಸಿ ಕಂಡುಕೊಂಡ ಲೆಕ್ಕ ಇದು. ಆದರೆ ಆ ಒಂದು ಗಂಟೆಯಲ್ಲಿ ಏನು ಮಾಡಬೇಕೆಂದು ಹೇಳದಿದ್ದರೆ ಈ ಉತ್ತರಕ್ಕೆ ಬೆಲೆಯಿಲ್ಲ. ಹೆಚ್ಚಿನವರು ಆ ಗಂಟೆಯನ್ನು ವ್ಯಾಕರಣದ ಅಭ್ಯಾಸ ತುಂಬಿಸುವುದಕ್ಕೂ ಉಚ್ಚಾರಣೆಯ ವಿಡಿಯೊ ನೋಡುವುದಕ್ಕೂ ಕಳೆಯುತ್ತಾರೆ. ಕಚೇರಿಯಲ್ಲಿ ಅವರು ಸಿಕ್ಕಿಬೀಳುವುದು ಬೇರೆ ಕಡೆ.

ನಾನು ಸಿಕ್ಕಿಬಿದ್ದದ್ದೂ ಬೇರೆ ಕಡೆಯೇ. 2003ರಲ್ಲಿ ಗೇರುಬೀಜ ರಫ್ತು ಮಾಡುವ ಒಂದು ಕಚೇರಿಯಲ್ಲಿ ನನಗೆ ಪತ್ರವ್ಯವಹಾರದ ಕೆಲಸವಿತ್ತು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನ ಖರೀದಿದಾರರೊಬ್ಬರು ಡಬ್ಲ್ಯೂ-320, ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು ತೂಗುವ ದರ್ಜೆಯ ಮಾಲನ್ನು, ಜುಲೈ 15ರೊಳಗೆ ಒಂದು ಕಂಟೇನರ್ ಲೋಡ್ ಮಾಡಲು ಆಗುತ್ತದೆಯೇ ಎಂದು ಕೇಳಿದ್ದರು. ಆಫ್ರಿಕಾದಿಂದ ಬರಬೇಕಿದ್ದ ಕಚ್ಚಾ ಬೀಜದ ಹಡಗು ಇನ್ನೂ ಬಂದಿರಲಿಲ್ಲ. ಆಗುವುದಿಲ್ಲವೆಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಬರೆದ ಉತ್ತರ: “ವಿ ವಿಲ್ ಟ್ರೈ ಅವರ್ ಲೆವೆಲ್ ಬೆಸ್ಟ್.” ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ನನ್ನ ಮನಸ್ಸಿನಲ್ಲಿದ್ದ ಮಾತು ನಮ್ಮ ಕನ್ನಡದ “ನೋಡೋಣ”.

ಸಾಲ ಕೇಳಲು ಬಂದವರಿಗೆ “ನೋಡೋಣ” ಎಂದರೆ ಅವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಇಲ್ಲವೆಂಬ ಮಾತನ್ನು ನಾವು ಆಡುವುದೂ ಇಲ್ಲ, ಅದು ಅವರ ಕಿವಿಗೆ ಬೀಳದೆ ಉಳಿಯುವುದೂ ಇಲ್ಲ. ರಾಟರ್‌ಡ್ಯಾಮಿನವರಿಗೆ ಅದು ಮಾತು ಕೊಟ್ಟಂತೆ ಕೇಳಿಸಿತು. ಅವರು ಹುರಿಯುವ ಘಟಕದಲ್ಲಿ ದಿನ ಗೊತ್ತುಮಾಡಿಕೊಂಡರು. ಹದಿನೇಳನೇ ತಾರೀಕಿಗೆ ಫೋನ್ ಬಂತು. ಅವರು ಗದರಲಿಲ್ಲ. ಆಗುವುದಿಲ್ಲವೆಂದು ಬರೆದಿದ್ದರೆ ಅದೇ ದಿನ ಆಗಸ್ಟ್ ತಿಂಗಳಿಗೆ ಬದಲಿಸಿಕೊಳ್ಳುತ್ತಿದ್ದೆ ಎಂದು ಮಾತ್ರ ಹೇಳಿದರು. ಆಮೇಲೆ ಮೂರು ಪ್ರಶ್ನೆ ಕೇಳಿದರು. ಖಚಿತವಾಗಿ ಯಾವ ದಿನ? ಖಚಿತವಾಗಿ ಎಷ್ಟು ಪೆಟ್ಟಿಗೆ? ವ್ಯತ್ಯಾಸವಾದರೆ ಯಾವ ದಿನ ನನಗೆ ತಿಳಿಸುತ್ತೀರಿ? ಆ ಮೂರು ಪ್ರಶ್ನೆಗಳನ್ನು ಈಗಲೂ ಪ್ರತಿ ತಂಡಕ್ಕೆ ಮೊದಲ ದಿನವೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಮಾತಿನಲ್ಲಿ ಎಷ್ಟು, ಸಂದರ್ಭದಲ್ಲಿ ಎಷ್ಟು ಹೇಳುತ್ತೇವೆ ಎನ್ನುವುದು ಸಂಸ್ಕೃತಿಯಿಂದ ಸಂಸ್ಕೃತಿಗೆ ಬದಲಾಗುತ್ತದೆ ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ವಿವರಿಸಿದ್ದರು. ಆ ಲೆಕ್ಕದಲ್ಲಿ ಜಪಾನಿನವರು ನಮ್ಮ ಪಕ್ಕದಲ್ಲಿ ಕೂರುತ್ತಾರೆ, ಜರ್ಮನರೂ ಡಚ್ಚರೂ ಎದುರು ದಡದಲ್ಲಿ. ಇದನ್ನು ಜಾತಕದಂತೆ ನಂಬಬಾರದು. ಸುತ್ತಿಬಳಸಿ ಮಾತನಾಡುವ ಜರ್ಮನರೂ ಇದ್ದಾರೆ. ಆದರೆ “ನಾನು ಹೇಳದೆ ಬಿಟ್ಟದ್ದನ್ನು ಇವರು ಕೇಳಿಸಿಕೊಂಡರೇ?” ಎಂಬ ಒಂದು ಪ್ರಶ್ನೆಯನ್ನು ಅದರಿಂದ ಎತ್ತಿಕೊಂಡರೂ ದೊಡ್ಡ ಲಾಭ.

ಇನ್ನೊಂದು ತೊಡಕು ನಮ್ಮ ವಿನಯದ್ದು. “ಫೈಲ್ ಕಳುಹಿಸಿ” ಎನ್ನುವಾಗ ಕೊನೆಯ ಇಕಾರವೇ ಗೌರವವನ್ನು ಹೊತ್ತಿರುತ್ತದೆ. “ಸೆಂಡ್ ದ ಫೈಲ್” ಎಂದ ತಕ್ಷಣ ಆ ಇಕಾರ ಉದುರಿ, ಎದುರಿನವರಿಗೆ “ಕಳುಹಿಸು” ಎಂದಂತೆ ಆಗುತ್ತದೆ. ಅತ್ಯಂತ ಸಂಕೋಚದ ಹುಡುಗಿಯೂ ಇಂಗ್ಲಿಷಿನಲ್ಲಿ ಒರಟಾಗಿ ಕೇಳಿಸುವುದು ಇದರಿಂದಲೇ. ಅದನ್ನು ಸರಿಪಡಿಸಲು ಮಕ್ಕಳು “ಕೈಂಡ್ಲಿ ಡು ದ ನೀಡ್‌ಫುಲ್” ಎಂದು ಹಳೆಯ ಸರಕಾರಿ ಪತ್ರದ ಮೊರೆ ಹೋಗುತ್ತಾರೆ. ಏನು ಮಾಡಬೇಕು ಎಂಬುದೇ ಅದರಲ್ಲಿಲ್ಲ! ಇಂಗ್ಲಿಷ್ ತನ್ನ ಗೌರವವನ್ನು ಪ್ರಶ್ನೆಯಲ್ಲಿ ಇಟ್ಟುಕೊಂಡಿದೆ: “ಕುಡ್ ಯೂ ಸೆಂಡ್ ದ ಫೈಲ್ ಬೈ ಫೋರ್?” ಹಾಗೆಯೇ, “ಐ ಹ್ಯಾವ್ ಎ ಡೌಟ್” ಎಂದರೆ ನಮ್ಮ ಮಟ್ಟಿಗೆ ಕೇಳಲು ಏನೋ ಇದೆ ಎಂದರ್ಥ, ಹೊರಗಿನವರಿಗೆ ನನ್ನ ಮಾತನ್ನು ಇವರು ನಂಬುತ್ತಿಲ್ಲ ಎಂದು ಕೇಳಿಸಬಹುದು. “ಕ್ವೆಶ್ಚನ್” ಎಂದರೆ ಮುಗಿಯಿತು. 5/6 ಎಂದು ಬರೆದರೆ ಅಮೆರಿಕದವರಿಗೆ ಅದು ಮೇ ಆರು, ಆದ್ದರಿಂದ ತಿಂಗಳ ಹೆಸರನ್ನೇ ಬರೆಯಬೇಕು. ನಾಲ್ಕು ಗಂಟೆ ಎಂದರೆ ಯಾರ ನಾಲ್ಕು ಎಂದೂ ಬರೆಯಬೇಕು; ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಜರ್ಮನಿ ಬೇಸಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಉಚ್ಚಾರಣೆಯ ಬಗ್ಗೆ ಹೆಚ್ಚು ಹೇಳಲಾರೆ. ನಿಧಾನವಾಗಿ, ಪದದ ಕೊನೆಯನ್ನು ನುಂಗದೆ ಮಾತನಾಡಿದರೆ ಸಾಕು. ಆ ಕಡೆ ಕೂತಿರುವವರು ಬ್ರೆಜಿಲ್‌ನವರೋ ಕೊರಿಯಾದವರೋ ಆಗಿದ್ದರೆ ಅವರಿಗೂ ಇಂಗ್ಲಿಷ್ ಕಲಿತ ಭಾಷೆಯೇ.

ಕಳೆದ ವರ್ಷ ಬಂಟ್ವಾಳದ ಕಡೆಯ ಹುಡುಗಿಯೊಬ್ಬಳು ಬಂದಳು. ತಂದೆಗೆ ಜೀನಸಿನ ಅಂಗಡಿ. “ನನಗೆ ಭಾಷೆ ತಲೆಗೆ ಹತ್ತುವುದಿಲ್ಲ ಟೀಚರ್” ಎಂದು ಕೂತಲ್ಲೇ ಕಣ್ಣು ತುಂಬಿಕೊಂಡಳು. ಅಂಗಡಿಯಲ್ಲಿ ಯಾರೊಂದಿಗೆ ಏನು ಮಾತನಾಡುತ್ತೀ ಎಂದು ಕೇಳಿದೆ. ಮನೆಮಾತು ತುಳು, ಪಕ್ಕದ ಬಾಯಮ್ಮನೊಂದಿಗೆ ಕೊಂಕಣಿ, ಮೀನಿನ ಗಾಡಿಯವರೊಂದಿಗೆ ಬ್ಯಾರಿ, ಶಾಲೆಯ ಮೇಷ್ಟರು ಬಂದರೆ ಕನ್ನಡ, ಲಾರಿ ಚಾಲಕರೊಂದಿಗೆ ಹಿಂದಿ. ಬಾಕಿ ಕೇಳುವುದು ಹೇಗೆ ಎಂದೆ. ಬಾಯಮ್ಮನ ಬಳಿ ಮೊದಲು ಮಂಡಿನೋವು ವಿಚಾರಿಸಬೇಕು, ಮೇಷ್ಟರಿಗೆ ಪುಸ್ತಕ ತೆರೆದಿಟ್ಟರೆ ಸಾಕು, ಲಾರಿಯವರಿಗೆ ಮೊತ್ತವನ್ನು ನೇರವಾಗಿ ಹೇಳಬೇಕು ಎಂದಳು. ಇದನ್ನೇ ಪೇಟೆಯ ಕಂಪನಿಗಳು ಅಂತರ್‌ಸಾಂಸ್ಕೃತಿಕ ಸಂವಹನ ಎಂಬ ಹೆಸರಿನಲ್ಲಿ ಎರಡು ದಿನದ ತರಬೇತಿ ಕೊಟ್ಟು ಕಲಿಸಲು ಹೆಣಗುತ್ತವೆ. ಅವಳು ಹನ್ನೆರಡನೇ ವಯಸ್ಸಿಗೆ ಕಲಿತಿದ್ದಳು. ಅವಳಿಗೆ ಬೇಕಿದ್ದದ್ದು ಆರನೆಯ ಗಿರಾಕಿಯ ಭಾಷೆ ಮಾತ್ರ.

ಈ ಊರಿಗೆ ಇದು ಹೊಸತಲ್ಲ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಶಿಯದ ಕಡೆಯಿಂದ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಬೊಮ್ಮ ಎಂಬ ಇಲ್ಲಿನ ಆಳು ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನಡೆಸುತ್ತಿದ್ದ. ಕೈರೋದ ಹಳೆಯ ಸಿನಗಾಗ್‌ನಲ್ಲಿ ಉಳಿದಿದ್ದ ಅವರ ವ್ಯಾಪಾರದ ಕಾಗದಗಳಲ್ಲಿ ಇರುವುದು ಕಳುಹಿಸಿದ್ದೇನು, ತಲುಪಿದ್ದೇನು, ಬೆಲೆ ಎಷ್ಟು ಎಂಬ ವಿವರ. ರಾಟರ್‌ಡ್ಯಾಮಿನವರು ನನ್ನಿಂದ ಬಯಸಿದ್ದೂ ಅಷ್ಟನ್ನೇ.

ಸಂದರ್ಶನದ ಮಾತು ಬೇರೆ. ಅಲ್ಲಿ ನಮ್ಮ ಮಕ್ಕಳನ್ನು ಕೆಡವುವುದು “ನಿಮ್ಮ ಬಗ್ಗೆ ಹೇಳಿ” ಎಂಬ ಮೊದಲ ಪ್ರಶ್ನೆ. ನಮ್ಮ ಕಡೆ ಪರಿಚಯವೆಂದರೆ ಯಾವ ಊರು, ಯಾರ ಮನೆ. ಆದ್ದರಿಂದ ಅವರು ತಂದೆಯ ಹೆಸರು, ಊರು, ಹವ್ಯಾಸವೆಂದು ಸಾಗುತ್ತಾರೆ. ಮಲ್ಪೆಯ ಹುಡುಗನೊಬ್ಬ ಹೀಗೇ ಮೂರು ಕಡೆ ಹೋಗಿ ಬರಿಗೈಯಲ್ಲಿ ಬಂದಿದ್ದ. ಅನುಭವವಿದೆಯೇ ಎಂದರೆ ಇಲ್ಲ ಎಂದ. ರಜೆಯಲ್ಲಿ ಏನು ಮಾಡುತ್ತಿದ್ದೆ ಎಂದು ಕೆದಕಿದಾಗ, ಮಾವನ ಎರಡು ಬೋಟುಗಳ ಲೆಕ್ಕ ಬರೆಯುತ್ತಿದ್ದೆ ಎಂದ. ಡೀಸೆಲ್, ಮಂಜುಗಡ್ಡೆ, ರೇಷನ್ ಎಲ್ಲ ಒಂದೇ ಪುಸ್ತಕದಲ್ಲಿ ಕಲಸಿಹೋಗಿ, ಪಾಲು ಹಂಚುವ ದಿನ ಪ್ರತಿ ಸಲ ಜಗಳವಾಗುತ್ತಿತ್ತಂತೆ. ಮಳೆಗಾಲದಲ್ಲಿ 61 ದಿನ ಮೀನುಗಾರಿಕೆ ನಿಷೇಧವಿರುತ್ತದಲ್ಲ, ಆ ಎರಡು ತಿಂಗಳಲ್ಲಿ ಇವನು ಹಳೆಯ ಪುಸ್ತಕ ಬಿಚ್ಚಿ, ಬೋಟು ಒಂದು ಸಲ ಹೊರಟು ಮರಳುವುದಕ್ಕೆ ಒಂದು ಪುಟ ಎಂದು ಬೇರ್ಪಡಿಸಿದ. ಮುಂದಿನ ಸೀಸನ್‌ನಲ್ಲಿ ಜಗಳ ನಿಂತಿತು.

ಇದನ್ನು ಮೊದಲು ಕನ್ನಡದಲ್ಲಿ ಹೇಳಿಸಿದೆ. “ನಾವು ಮಾಡಿದೆವು” ಎಂದ. ಯಾರು ಮಾಡಿದ್ದು ಎಂದೆ. “ನಾನು” ಎನ್ನಲು ಅವನಿಗೆ ಬಹಳ ಹೊತ್ತು ಬೇಕಾಯಿತು; ನಮ್ಮ ಮನೆಗಳಲ್ಲಿ “ನಾನು” ಎಂದರೆ ಜಂಬ. ಸಂದರ್ಶನದಲ್ಲಿ ಅದು ಬರೀ ಮಾಹಿತಿ ಎಂದು ಅವನಿಗೆ ಬಿಡಿಸಿ ಹೇಳಿದೆ. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕೇ ವಾಕ್ಯ: ಪರಿಸ್ಥಿತಿ ಹೀಗಿತ್ತು, ನನ್ನ ಹೊಣೆ ಇದು, ನಾನು ಮಾಡಿದ್ದು ಇದು, ಆಗಿದ್ದು ಇದು. “ಐ ಕೆಪ್ಟ್ ದ ಅಕೌಂಟ್ಸ್ ಆಫ್ ಟೂ ಫಿಶಿಂಗ್ ಬೋಟ್ಸ್” ಎಂದು ಅವನು ತಲೆಯೆತ್ತಿ ಹೇಳಿದ ಸಂಜೆ ನನಗೆ ಮರೆಯುವುದಿಲ್ಲ.

ಇನ್ನು ಆ ಒಂದು ಗಂಟೆ. ಇಪ್ಪತ್ತು ನಿಮಿಷ ಗೆಳತಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲೇ ಕೆಲಸದ ಮಾತು ಆಡಬೇಕು. ವಿಡಿಯೊ ಬೇಡ, ಮುಖ ಕಂಡರೆ ನಾವು ಕೈಸನ್ನೆಯಲ್ಲಿ ಪಾರಾಗುತ್ತೇವೆ. ಒಬ್ಬಳು ತನ್ನ ಮನೆಯಿಂದ ಬಸ್ ನಿಲ್ದಾಣದ ದಾರಿ ಹೇಳಬೇಕು, ಇನ್ನೊಬ್ಬಳು ಕೇಳಿ ನಕ್ಷೆ ಬರೆದು ಕಳುಹಿಸಬೇಕು. ನಕ್ಷೆ ತಪ್ಪಿದ್ದರೆ ಎಲ್ಲಿ ಕೇಳದೆ ತಲೆಯಾಡಿಸಿದೆ ಎಂಬುದು ಅಲ್ಲೇ ಸಿಕ್ಕಿಬೀಳುತ್ತದೆ. ಅರ್ಥವಾಗದಿದ್ದರೂ “ಯೆಸ್” ಎನ್ನುವುದು ಎಲ್ಲಕ್ಕಿಂತ ದುಬಾರಿ ಅಭ್ಯಾಸ. ಮತ್ತೆ ಇಪ್ಪತ್ತು ನಿಮಿಷ ಆ ಮಾತುಕತೆಯನ್ನು ಇಮೇಲ್ ಆಗಿ ಬರೆಯಬೇಕು: ಯಾರು, ಏನು, ಯಾವಾಗ. ಉಳಿದ ಹೊತ್ತು ಓದಿಗೆ. ಮೂವತ್ತು ದಿನಗಳಲ್ಲಿ ನಿರರ್ಗಳ ಎನ್ನುವ ಕೋರ್ಸಿಗೆ ದಯವಿಟ್ಟು ಹಣ ಕಟ್ಟಬೇಡಿ. ಆ ಹಣ ಮಕ್ಕಳ ಬಸ್ ಪಾಸಿಗಾಗಲಿ.

ಬಂಟ್ವಾಳದ ಹುಡುಗಿಗೆ ಈಗ ಕೆಲಸ ಸಿಕ್ಕಿದೆ. ಅವಳ ತಂಡದ ಅರ್ಧ ಜನ ಜರ್ಮನಿಯಲ್ಲಿದ್ದಾರೆ. ಸೇರಿದ ಎರಡನೇ ವಾರದಲ್ಲಿ ನನಗೊಂದು ಚಿತ್ರ ಕಳುಹಿಸಿದಳು, ಅವಳೇ ಬರೆದ ಸಂದೇಶದ್ದು. ಗುರುವಾರಕ್ಕೆ ಆಗುವುದಿಲ್ಲ, ಒಂದು ವರದಿ ಬರಬೇಕಿದೆ, ಸೋಮವಾರ ನಿಮ್ಮ ಸಮಯ ಮಧ್ಯಾಹ್ನ ಎರಡಕ್ಕೆ ಕೊಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಕೆಳಗೆ ಆ ಕಡೆಯವರ ಉತ್ತರವಿತ್ತು: “ಥ್ಯಾಂಕ್ಸ್ ಫಾರ್ ಟೆಲಿಂಗ್ ಮಿ. ಮಂಡೇ ಈಸ್ ಫೈನ್.”