ಕೊಡಗಲ್ಲಿ ಚೆರ್ರಿ ಯಾಕೆ ಹಾಕಬಾರ್ದು ಅಂತ ಕೇಳೋರಿಗೆ

ಶಿಮ್ಲಾ ಕಡೆ ಚೆರ್ರಿ ತೋಟದಲ್ಲಿ ಕೆಲಸ ಅಂದ ತಕ್ಷಣ ಊರಲ್ಲಿ ಎಲ್ರೂ ಕೇಳೋದು ಇದೇ, "ನಮ್ಮ ಕೊಡಗಲ್ಲೂ ಚಳಿ ಇದೆಯಲ್ಲ, ಇಲ್ಲೇ ಯಾಕೆ ಹಾಕಬಾರ್ದು?" ಮದುವೆ ಮನೇಲಿ, ಸೋಮವಾರಪೇಟೆ ಸಂತೇಲಿ, ಬಸ್ಸಲ್ಲಿ, ಎಲ್ಲಾ ಕಡೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಆಗಲ್ಲ. ಸ್ವೆಟರ್ ಹಾಕ್ಕೊಳ್ಳೋ ಚಳಿ ಬೇರೆ, ಚೆರ್ರಿ ಮರಕ್ಕೆ ಬೇಕಾದ ಚಳಿ ಬೇರೆ. ಹೆಚ್ಚಿನ ತಳಿಗಳಿಗೆ 7 ಡಿಗ್ರಿಗಿಂತ ಕಮ್ಮಿ ಇರೋ ಹೊತ್ತು ಚಳಿಗಾಲಕ್ಕೆ ಒಟ್ಟು 700ರಿಂದ 1000 ಗಂಟೆ ಬೇಕು, ಇಲ್ಲಾಂದ್ರೆ ಮೊಗ್ಗು ಸರಿಯಾಗಿ ಒಡೆಯಲ್ಲ. ಮಡಿಕೇರೀಲಿ ಜನವರಿ ಬೆಳಗ್ಗೆ ಎಷ್ಟೇ ನಡುಗಿದ್ರೂ ಹತ್ತು ಗಂಟೆಗೆ ಬಿಸಿಲು ಚುರುಕಾಗುತ್ತೆ. ಸಾಲದ್ದಕ್ಕೆ ಹಣ್ಣಾಗೋ ಹೊತ್ತಲ್ಲಿ ಮಳೆ ಬಿದ್ರೆ ಚೆರ್ರಿ ಬಿರಿಯುತ್ತೆ, ನಮ್ಮ ಜೂನ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಅಲ್ಲಿಗೆ ಮುಗೀತು.

ನನಗೆ ಸಿಟ್ಟು ಬರೋದು ಮುಂದಿನ ಪ್ರಶ್ನೆಗೆ, "ಮರಕ್ಕೆ ಎಷ್ಟು ಕೆಜಿ ಬರುತ್ತೆ?" ಒಂದು ಮದುವೇಲಿ ದೊಡ್ಡಪ್ಪ ಹೀಗೆ ಕೇಳಿದ್ರು, ನಾವು ಹೂಮೊಗ್ಗನ್ನ ಕಿತ್ತು ಕಮ್ಮಿ ಮಾಡ್ತೀವಿ ದೊಡ್ಡಪ್ಪ ಅಂದೆ. "ದೇವರು ಕೊಟ್ಟಿದ್ದನ್ನ ಕೀಳ್ತಾರೇನೋ, ಅದಕ್ಕೆ ಸಂಬಳ ಬೇರೆ ಕೊಡ್ತಾರಾ" ಅಂದ್ರು, ಇಡೀ ಪಂಕ್ತಿ ನಕ್ತು. ಅವತ್ತು ಊಟದ ಮಧ್ಯೆ ಹೇಳೋಕಾಗ್ಲಿಲ್ಲ, ಈಗ ಹೇಳ್ತೀನಿ.

ಚೆರ್ರಿ ಕೊಂಬೆ ಮೇಲೆ ಗಿಡ್ಡ ಗಿಡ್ಡ ಮೋಟು ಇರುತ್ತೆ, ಸ್ಪರ್ ಅಂತಾರೆ. ಮಧ್ಯ ಚೂಪಾಗಿ ಒಂದು ಎಲೆಮೊಗ್ಗು, ಅದರ ಸುತ್ತ ಒತ್ತೊತ್ತಾಗಿ ಉಬ್ಬಿರೋ ಹೂಮೊಗ್ಗು, ಹೆಬ್ಬೆರಳಲ್ಲಿ ಒತ್ತಿದ್ರೆ ಪಟ್ ಅಂತ ಉದುರುತ್ತೆ. ಒಂದು ಮೊಗ್ಗಿಂದ 2ರಿಂದ 4 ಹೂ. ಒಂದು ಹಣ್ಣು ದಪ್ಪ ಆಗಿ, ಗಟ್ಟಿಯಾಗಿ, ಸಿಹಿ ತುಂಬ್ಕೋಬೇಕಂದ್ರೆ ಸುಮಾರು 5 ಎಲೆ ದುಡೀಬೇಕು. ಈಗ ಒಂದು ಸ್ಪರ್‌ನಲ್ಲಿ 5 ಹೂಮೊಗ್ಗು ಇದ್ರೆ ಹತ್ರ ಹತ್ರ 15 ಹೂ, ಅರ್ಧ ಕಚ್ಚಿದ್ರೂ 7 ಕಾಯಿ, ಅವಕ್ಕೆ 35 ಎಲೆ ಬೇಕು, ಆ ಮೋಟಲ್ಲಿ ಇರೋದು ಏಳೆಂಟೇ, ಉಳಿದದ್ದನ್ನ ಪಕ್ಕದ ಹೊಸ ಚಿಗುರು ಸಾಕಬೇಕು. ಲ್ಯಾಪಿನ್ಸ್ ತರ ತನ್ನ ಪರಾಗದಲ್ಲೇ ಕಾಯಿ ಕಚ್ಚೋ ತಳೀನ ಗಿಸೆಲಾ 5 ಅನ್ನೋ, ಮರಾನ ಗಿಡ್ಡ ಇಡೋ ಬೇರುಗಿಡದ ಮೇಲೆ ಕಸಿ ಮಾಡಿ ಬೆಳೆಸಿದ್ರಂತೂ ಮರದ ತುಂಬಾ ಹಣ್ಣು, ಆದ್ರೆ ಎಲ್ಲಾ ಸಣ್ಣ, ಸಪ್ಪೆ. ಮಾರ್ಕೆಟ್ಟಲ್ಲಿ ಚೆರ್ರಿಗೆ ರೇಟು ಸಿಗೋದು ಗಾತ್ರಕ್ಕೆ, ಆ ಸಣ್ಣ ಹಣ್ಣಿಗೆ ಕೊಯ್ಲಿನ ಕೂಲಿನೂ ಹುಟ್ಟಲ್ಲ.

ಕಾಯಿ ಆದ್ಮೇಲೆ ಕೀಳಬಹುದಲ್ಲ ಅಂತೀರಾ, ಅಷ್ಟು ಸಣ್ಣ ಕಾಯೀನ ಒಂದೊಂದಾಗಿ ಕೀಳೋಕೆ ಆಳೆಲ್ಲಿ ಬರಬೇಕು? ಅದಕ್ಕಿಂತ ಮುಖ್ಯ, ಹಣ್ಣು ಎಷ್ಟು ದಪ್ಪ ಆಗಬಹುದು ಅನ್ನೋದರಲ್ಲಿ ಬಹುಪಾಲು ಹೂ ಬಿಟ್ಟ ಮೊದಲ ಕೆಲವು ವಾರಗಳಲ್ಲೇ ತೀರ್ಮಾನ ಆಗಿರುತ್ತೆ. ಹಾಗಾಗಿ ಚಳಿಗಾಲದ ಪ್ರೂನಿಂಗಲ್ಲೇ ಮೊಗ್ಗು ಕಮ್ಮಿ ಮಾಡೋದು. ಮಂಜು ಹೊಡೆದು ಹೂ ಹೋಗೋ ಭಯ ಇರೋ ಜಾಗದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಬಿಟ್ಕೊಂಡು ಕಾಯ್ತಾರೆ.

ದೊಡ್ಡಪ್ಪ, ನೀವು ಕೇಳ್ಬೇಕಿದ್ದಿದ್ದು ಒಂದು ಗಿಡ ಎಷ್ಟು ಕಾಯಿ ಸಾಕುತ್ತೆ ಅಂತ. ಯಾಕಂದ್ರೆ ಇದು ಮಾದಾಪುರದ ನಿಮ್ಮ ಅರೇಬಿಕಾ ಕಾಫಿ ತೋಟದ್ದೇ ಕತೆ. ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಸವರೋದು, ಅದರ ಹೆಸರಲ್ಲಿ ನೆರಳು ಪೂರ್ತಿ ತೆಗೆಸಿದ್ರಿ, ಬಿಸಿಲು ಬಿತ್ತು, ಕಾಫಿ ಹೂ ಅರಳಿಸೋ ಹೂಮಳೆ ಚೆನ್ನಾಗಾಯ್ತು, ಗೆಣ್ಣು ಗೆಣ್ಣಿಗೂ ಕಾಯಿ ಕಚ್ತು, ನೀವು ಫೋಟೋ ಕಳಿಸಿದ್ರಿ. ಅರೇಬಿಕಾ ಮಾವಿನ ಹಾಗೆ ಹೆಚ್ಚಾದ ಕಾಯೀನ ಉದುರಿಸಲ್ಲ, ಬೇರಲ್ಲಿ ಕೂಡಿಟ್ಟಿದ್ದನ್ನೂ ಎಳೆದು ಕಾಯಿಗೆ ಕೊಡುತ್ತೆ. ಆಮೇಲೆ ಏನಾಯ್ತು? ಎಲೆ ಹಳದಿಯಾಗಿ ಉದುರ್ತು, ರೆಕ್ಕೆಗಳು, ಅಂದ್ರೆ ಗಿಡದ ಅಡ್ಡ ಕೊಂಬೆಗಳು, ತುದಿಯಿಂದ ಕಪ್ಪಾಗಿ ಒಣಗ್ತಾ ಬಂತು, ಬೀಜ ತುಂಬೋಕೆ ಮುಂಚೆ ಹಣ್ಣು ಕೆಂಪಾಯ್ತು, ನೀರಿಗೆ ಹಾಕಿದ್ರೆ ತೇಲ್ತು. ಅರೇಬಿಕಾ ಕಾಯಿ ಬಿಡೋದು ಹಿಂದಿನ ವರ್ಷ ಬೆಳೆದ ರೆಕ್ಕೇಲಿ, ಆ ವರ್ಷ ರೆಕ್ಕೆ ಬೆಳೀಲೇ ಇಲ್ಲ, ಹಾಗಾಗಿ ಮರುವರ್ಷ ಫಸಲೂ ಇಲ್ಲ. ಆಗ ಗೊಬ್ಬರದ ಅಂಗಡಿಯೋನನ್ನ ಬೈದ್ರಿ.

ಈ ಸಲ ಕೊಯ್ಲು ಮುಗಿದ ಮೇಲೆ ಒಣಗಿದ ರೆಕ್ಕೆ, ಗಿಡದ ಮಧ್ಯಕ್ಕೆ ನುಗ್ಗಿರೋದು ತೆಗೆಸಿ, ಮೇಲಿನ ನೆರಳು ಅರ್ಧನಾದ್ರೂ ಬಿಡಿ. ಎಷ್ಟು ಬಿಡೋದು, ಎಷ್ಟು ತೆಗೆಯೋದು ಅಂತ ಅನುಮಾನ ಬಂದ್ರೆ ಗಿಡದ ಮುಂದೆ ನಿಂತೇ ಫೋನ್ ಮಾಡಿ, ಅದಕ್ಕೆ ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ತೀನಿ.