ಚುಕ್ಕಿಯ ಕಿವಿ: ಕೂದಲು ಕೀಳಿಸುವುದು ನಿಲ್ಲಿಸಿ ಹನ್ನೆರಡು ವಾರ

ಚುಕ್ಕಿ ನಮ್ಮ ಮನೆಯ ಲಾಸಾ ಆಪ್ಸೋ, ನಾಲ್ಕು ವರ್ಷದ ಹೆಣ್ಣು. ದಾವಣಗೆರೆ ವಿದ್ಯಾನಗರಕ್ಕೆ ಬಂದಾಗಿನಿಂದ ತಿಂಗಳಿಗೊಮ್ಮೆ ಗ್ರೂಮಿಂಗ್‌ಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಮೈಕೂದಲು ಕತ್ತರಿಸಿ, ಉಗುರು ತೆಗೆದು, ಕೊನೆಗೆ ಕಿವಿಯೊಳಗೆ ಪುಡಿ ಉದುರಿಸಿ ಕೂದಲನ್ನೆಲ್ಲ ಚಿಮಟದಲ್ಲಿ ಕಿತ್ತು ಕೊಡುತ್ತಿದ್ದರು. ಕೂದಲು ಜಾರದೆ ಹಿಡಿತಕ್ಕೆ ಸಿಗಲಿ ಅಂತ ಆ ಪುಡಿ. ಇದೆಲ್ಲ ಶುಚಿ ಮಾಡುವ ಕೆಲಸ ಅಂತಲೇ ನಾನು ನಂಬಿದ್ದೆ. ಈ ಬೇಸಿಗೆಯಲ್ಲಿ ಎರಡು ಸಲ, ಕೀಳಿಸಿಕೊಂಡು ಬಂದ ಮೂರ್ನಾಲ್ಕು ದಿನಕ್ಕೆ ಎಡಗಿವಿ ಕೆಂಪಾಯಿತು. ಎರಡನೇ ಸಲ ರಾತ್ರಿಯಿಡೀ ತಲೆ ಕೊಡವಿ, ಕಿವಿಯನ್ನು ನೆಲಕ್ಕೆ ಉಜ್ಜಿ ನರಳಿದಳು. ಅವತ್ತು ನನಗೂ ನಿದ್ದೆ ಇಲ್ಲ.

ಮರುದಿನ ಡಾಕ್ಟರ್ ಮೇಡಂ ಕೇಳಿದ್ದು ಒಂದೇ ಮಾತು. "ಕಿವಿ ಚೆನ್ನಾಗಿದ್ದಾಗ ಕೂದಲು ಯಾಕ್ರೀ ಕೀಳಿಸ್ತೀರಿ?"

ಕೂದಲು ಬುಡಸಮೇತ ಕಿತ್ತು ಬಂದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಯ ಉಳಿಯುತ್ತದೆ. ಅಲ್ಲಿಂದ ನೀರಿನಂಥ ದ್ರವ ಒಸರುತ್ತದೆ, ಚರ್ಮ ಉರಿಯುತ್ತದೆ. ಕತ್ತಲೆ, ಬಿಸಿ, ತೇವ ಮೂರೂ ಇರುವ ಜಾಗ ಅದು. ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆಯಲು ಇನ್ನೇನು ಬೇಕು. ಆರೋಗ್ಯವಾಗಿರುವ ಕಿವಿ ತನ್ನ ಗುಗ್ಗೆಯನ್ನು ತಾನೇ ಮೆಲ್ಲಗೆ ಹೊರಗೆ ತಳ್ಳುತ್ತದೆ, ಕೂದಲಿದ್ದರೂ. ಇನ್ನೊಂದು ಕಡೆಯ ಮಾತೂ ಸುಳ್ಳಲ್ಲ. ಮತ್ತೆಮತ್ತೆ ಸೋಂಕು ಬರುವ ಕಿವಿಯಲ್ಲಿ ಕೂದಲು ಗುಗ್ಗೆಯ ಜೊತೆ ಗಂಟಾಗಿ, ಔಷಧಿಯೂ ಒಳಗಿಳಿಯದ ಹಾಗೆ ಅಡ್ಡ ನಿಲ್ಲುತ್ತದೆ. ಆಗ ತೆಗೆಯಲೇಬೇಕು. ಹಾಗಾಗಿ ಜೂನ್ ಮೊದಲ ಭಾನುವಾರದಿಂದ ಕೀಳಿಸುವುದನ್ನು ನಿಲ್ಲಿಸಿ, ಪ್ರತಿ ವಾರ ಎರಡೂ ಕಿವಿಯ ಸ್ಥಿತಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ.

ವಾರ 1 ಮತ್ತು 2. ಕೆಲಸ ಕಲಿಯುವುದರಲ್ಲೇ ಕಳೆಯಿತು. ಬೆಳಿಗ್ಗೆ ಜಗುಲಿಯ ಬೆಳಕಿನಲ್ಲಿ ಕೂರಿಸಿಕೊಂಡು ಕಿವಿ ಎತ್ತಿ ನೋಡುವುದು, ಮೂಸುವುದು. ಕಿವಿಯ ಬಾಯಿಯ ಸುತ್ತಲಿನ ಕೂದಲನ್ನು ಮಾತ್ರ ಮೊಂಡು ತುದಿಯ ಕತ್ತರಿಯಲ್ಲಿ ಕತ್ತರಿಸುವುದು, ಗಾಳಿ ಆಡಲಿ ಅಂತ. ತುಂಡು ಒಳಗೆ ಬೀಳದಂತೆ ಮೊದಲು ಹತ್ತಿಯ ಉಂಡೆ ಇಡುತ್ತೇನೆ. ಮುಗಿದ ಮೇಲೆ ಅದನ್ನು ತೆಗೆಯುವುದು ಮರೆಯಬಾರದು. ಬಡ್ಸ್ ಮನೆಯಿಂದಲೇ ಹೊರಗೆ. ನಾಯಿಯ ಕಿವಿನಾಳ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಬಡ್ಸ್ ಹಾಕಿದರೆ ಗುಗ್ಗೆ ಆ ತಿರುವಿಗೆ ಹೋಗಿ ಗಟ್ಟಿಯಾಗುತ್ತದೆ ಅಷ್ಟೆ.

ಸ್ನಾನ ಆದ ದಿನ ಮಾತ್ರ ಡಾಕ್ಟರ್ ಕೊಟ್ಟ ಕ್ಲೀನರ್. ಕಿವಿ ತುಂಬ ಹಾಕಿ, ಬುಡವನ್ನು ಹೊರಗಿನಿಂದ ಪಚಪಚ ಸದ್ದು ಬರುವವರೆಗೆ ನೀವಿ, ಕೈ ಬಿಡಬೇಕು. ಅವಳು ತಲೆ ಕೊಡವಿದಾಗ ಒಳಗಿನದೆಲ್ಲ ಮೇಲೆ ಬರುತ್ತದೆ. ಬೆರಳು ಹೋಗುವಷ್ಟು ಮಾತ್ರ ಒರೆಸಿದರೆ ಸಾಕು.

ವಾರ 4. ಮಳೆ ಹಿಡಿದಿದೆ. ಕುಂದುವಾಡ ಕೆರೆ ಕಡೆ ವಾಕಿಂಗ್ ಹೋಗಿ ಬಂದ ಮೇಲೆ ಕಿವಿಯನ್ನು ಒಣ ಬಟ್ಟೆಯಲ್ಲಿ ಒರೆಸುವ ರೂಢಿ ಮಾಡಿಕೊಂಡೆ. ಬಲಗಿವಿ, ಎಡಗಿವಿ ಎರಡೂ ಗುಲಾಬಿ ಬಣ್ಣ, ವಾಸನೆ ಇಲ್ಲ. ನನಗೆ ಎಷ್ಟು ಸಂತೋಷ ಆಯಿತೆಂದರೆ ಊರಿಗೆ ಫೋನ್ ಮಾಡಿ ಹೇಳಿದೆ. ಅವ್ವ ಮಾತ್ರ, "ಬೆಳ್ಳುಳ್ಳಿ ಕಾಸಿದ ಎಣ್ಣಿ ಎರಡು ಹನಿ ಬಿಡವ್ವ" ಅಂದಳು. ಬಿಡಲಿಲ್ಲ. ಎಣ್ಣೆ ಒಳಗೇ ನಿಂತರೆ ಗುಗ್ಗೆ ಅಂಟುತ್ತದೆ, ಡಾಕ್ಟರಿಗೆ ಒಳಗೇನಿದೆ ಎಂದು ನೋಡಲೂ ಆಗುವುದಿಲ್ಲ.

ಪಕ್ಕದ ರಸ್ತೆಯ ಪೂಡಲ್ ಮನೆಯವರು ಸಿಕ್ಕಿದ್ದರು. "ನಮ್ಮದಕ್ಕೆ ಪ್ರತಿ ತಿಂಗಳು ಕೀಳಿಸ್ತೀವ್ರಿ, ಏನೂ ಆಗಿಲ್ಲ" ಅಂದರು. ಅವರ ನಾಯಿಯ ಕಿವಿ ನೋಡಿದೆ, ನಿಜವಾಗಿಯೂ ಚೆನ್ನಾಗಿದೆ. ಅದಕ್ಕೆ ಸಹಿಸುತ್ತದೆ, ಚುಕ್ಕಿಗೆ ಸಹಿಸಲಿಲ್ಲ.

ವಾರ 7. ಎಡಗಿವಿ ಕೆಟ್ಟಿತು. ಶನಿವಾರ ಮೂಸಿದಾಗಲೇ ಹುಳಿ ಹೆಚ್ಚಾದ ದೋಸೆಹಿಟ್ಟಿನ ವಾಸನೆ. ಕಂದು ಗುಗ್ಗೆ, ಅದರಲ್ಲಿ ಕೂದಲು ಸುತ್ತಿ ಸಣ್ಣ ಬತ್ತಿಯ ಹಾಗೆ ಆಗಿತ್ತು. ನಾನು ಮಾಡಿದ ಪ್ರಯೋಗವೇ ತಪ್ಪಾಯಿತೇನೋ ಎಂದು ಬಹಳ ಸಂಕಟಪಟ್ಟೆ. ಸೋಮವಾರದವರೆಗೆ ಏನನ್ನೂ ಹಾಕದೆ, ಮುಟ್ಟದೆ ಕಾದೆ.

ಡಾಕ್ಟರ್ ಮೇಡಂ ಗುಗ್ಗೆಯನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ನೇರಳೆ ಬಣ್ಣದ ಪುಟ್ಟ ಪುಟ್ಟ ಶೇಂಗಾಕಾಯಿಗಳು, ನಡುವೆ ಸೊಂಟ ಇದ್ದಂತೆ. ಅದೇ ಮಲಸೇಜಿಯಾ ಅನ್ನುವ ಯೀಸ್ಟ್. ಕಿವಿಗೆ ಲೈಟ್ ಬಿಟ್ಟು ತಮಟೆ ಹರಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಗಂಟಾದ ಕೂದಲನ್ನಷ್ಟೇ, ಒಮ್ಮೆಗೆ ನಾಲ್ಕೈದು ಎಳೆಯಂತೆ ತೆಗೆದರು. ಉಳಿದದ್ದನ್ನು ಮುಟ್ಟಲಿಲ್ಲ. ಬಲಗಿವಿಯಿಂದ ಒಂದು ಎಳೆಯನ್ನೂ ತೆಗೆಯಲಿಲ್ಲ. ಒಂದೇ ನಾಯಿ, ಎರಡು ಕಿವಿ, ಎರಡು ಉತ್ತರ. ಇದು ನನಗೆ ಆ ದಿನವೇ ತಲೆಗೆ ಹೋಯಿತು.

ಹನಿ ಔಷಧಿ ಬರೆಯುತ್ತಾ ಮೇಡಂ ಕೇಳಿದರು: "ಕಾಲು ನೆಕ್ಕುತ್ತಾಳಾ?" ಹೌದು, ಮುಂಗಾಲು, ರಾತ್ರಿ ಹೊತ್ತು, ವರ್ಷದಿಂದ. ಅದನ್ನು ಕಿವಿಗೆ ಸಂಬಂಧ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಲರ್ಜಿ ಇರುವ ನಾಯಿಗಳಲ್ಲಿ ಪಾದ, ಕಿವಿ ಎರಡೂ ಒಟ್ಟಿಗೆ ತುರಿಸುತ್ತವಂತೆ. ಹಾಗಿದ್ದರೆ ಕೂದಲು ಕಿತ್ತರೂ ಬಿಟ್ಟರೂ ಸೋಂಕು ತಿರುಗಿ ಬರುತ್ತಲೇ ಇರುತ್ತದೆ.

ವಾರ 9. ಮತ್ತೆ ಸ್ಲೈಡ್. ಯೀಸ್ಟ್ ಹುಡುಕಿದರೆ ಮಾತ್ರ ಕಾಣುವಷ್ಟು. ಅಲರ್ಜಿ ತಿನ್ನುವುದರಿಂದಲೇ ಬರುತ್ತಿದೆಯೇ ಎಂದು ನೋಡಲು ಇದೇ ವಾರದಿಂದ ಎಂಟು ವಾರದ ಪಥ್ಯ ಶುರು: ಇದುವರೆಗೆ ತಿನ್ನದ ಮೀನು ಮತ್ತು ಸಿಹಿಕುಂಬಳ, ಬೇರೇನೂ ಇಲ್ಲ. ಕೋಳಿ ಇಲ್ಲ, ಬಿಸ್ಕತ್ತು ಇಲ್ಲ. ಭಾನುವಾರದ ಬೆಣ್ಣೆದೋಸೆಯ ಅಂಚು ಅವಳಿಗೆ ಸಿಗುತ್ತಿತ್ತು, ಅದೂ ಇಲ್ಲ. ತಟ್ಟೆಯ ಎದುರು ಕೂತು ನೋಡುತ್ತಾಳೆ. ಹಾಗಾಗಿ ನಾವೂ ಈಗ ದೋಸೆ ಹೊರಗೇ ತಿಂದು ಬರುತ್ತೇವೆ.

ವಾರ 12. ಬಲಗಿವಿ: ಕೂದಲು ತುಂಬಿದೆ, ಒಣಗಿದೆ, ವಾಸನೆ ಇಲ್ಲ. ಎಡಗಿವಿ: ತುಸು ಹಳದಿ ಗುಗ್ಗೆ, ಕೆಂಪಿಲ್ಲ, ಹೊಸ ಕೂದಲು ಮೊಳೆಯುತ್ತಿದೆ, ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ. ಮುಂಗಾಲು ನೆಕ್ಕುವುದು ವಾರದಲ್ಲಿ ಎರಡು ರಾತ್ರಿಗೆ ಇಳಿದಿದೆ. ಮೊದಲು ಕಿವಿ ಹಿಡಿದರೆ ಮಂಚದ ಕೆಳಗೆ ಓಡುತ್ತಿದ್ದವಳು ಇವತ್ತು ನಾನು ನೋಡುತ್ತಿರುವಾಗಲೇ ತೊಡೆಯ ಮೇಲೆ ನಿದ್ದೆ ಹೋದಳು. ಪಥ್ಯ ಇನ್ನೂ ಐದು ವಾರ ಇದೆ.