ಗಂಡು ರೋಹುವಿಗೆ ಹಿರೇಮದ್ದು

10 ಜುಲೈ 2024, ಬುಧವಾರ
ಕಾರಂಜಾ ಹಿನ್ನೀರಿನ ಹತ್ತಿರ, ಬೀದರ್ ಜಿಲ್ಲೆ

ನಿನ್ನೆ ರಾತ್ರಿ ಕಣ್ಣು ಮುಚ್ಚಿಲ್ಲ. ಸಂಜೆ ಏಳಕ್ಕೆ ರೋಹು ಮೀನುಗಳಿಗೆ ಓವಾಪ್ರಿಮ್ (ಮೊಟ್ಟೆ ಇಡಿಸುವ ಹಾರ್ಮೋನ್ ಇಂಜೆಕ್ಷನ್) ಚುಚ್ಚಿ ಎರಡು ಹಾಪಾಗಳಿಗೆ, ಅಂದರೆ ನೀರಲ್ಲಿ ಕಟ್ಟಿದ ಬಲೆಯ ಗೂಡುಗಳಿಗೆ, ಬಿಟ್ಟೆ. ಒಂದೊಂದರಲ್ಲೂ ಒಂದು ಹೆಣ್ಣು, ಎರಡು ಗಂಡು. ಜಿಟಿಜಿಟಿ ಮಳೆ, ತಂಪು ಗಾಳಿ. ಮೂರು ಗಂಟೆ ಸುಮಾರಿಗೆ ನೀರು ಬಡಿಯುವ ಸದ್ದು ಶುರುವಾಯಿತು.

ಹೋದ ವರ್ಷವೂ ಇದೇ ಸದ್ದು ಕೇಳಿ ಖುಷಿಪಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮೊಟ್ಟೆ ಫಲಿಸದೆ ಬೆಳ್ಳಗಾಗಿದ್ದವು. ಹೆಣ್ಣಿನ ಹೊಟ್ಟೆ ತುಂಬಿತ್ತು, ಮೊಟ್ಟೆಗೇನೂ ಕೊರತೆ ಇರಲಿಲ್ಲ. ನಾವು ಹೆಣ್ಣನ್ನೇ ಹತ್ತು ಸಲ ಮುಟ್ಟಿ ನೋಡುತ್ತೇವೆ. ಗಂಡಿನ ಹೊಟ್ಟೆ ಒತ್ತಿದರೆ ಹಾಲು, ಅಂದರೆ ವೀರ್ಯ, ಬಂತಾ? ಬಂತು. ಅಲ್ಲಿಗೆ ಮುಗೀತು. ಮನುಷ್ಯರ ವಿಷಯದಲ್ಲೂ ಹೀಗೇ ಅಲ್ವಾ? ನಮ್ಮ ಕಾಕಿ ಹನ್ನೆರಡು ವರ್ಷ ಗುಡಿ, ದರ್ಗಾ ಸುತ್ತಿದಳು. ಕಾಕಾನನ್ನು ಒಮ್ಮೆಯೂ ಯಾರೂ ಡಾಕ್ಟರ್ ಹತ್ತಿರ ಕರೆದೊಯ್ಯಲಿಲ್ಲ.

ರೋಹುವಿನಂಥ ಮೀನುಗಳ ವೀರ್ಯ ನೀರಿಗೆ ಬಿದ್ದ ಮೇಲೆ ಈಜುವುದು ಒಂದೆರಡು ನಿಮಿಷ, ಅಷ್ಟೇ. ಅಷ್ಟರೊಳಗೆ ಮೊಟ್ಟೆಯ ಸಣ್ಣ ತೂತು ಸಿಗಬೇಕು. ಮೊಟ್ಟೆ ಉಬ್ಬಿತೆಂದರೆ ಆ ತೂತು ಮುಚ್ಚಿಹೋಗುತ್ತದೆ. ನಮ್ಮ ಬೇಸಿಗೆಯ ಬಿಸಿನೀರಲ್ಲಿ ಬಳಲಿದ ಗಂಡಿಗೆ ಆ ಕಸುವು ಎಲ್ಲಿಂದ ಬರಬೇಕು?

ಅದಕ್ಕೇ ಏಪ್ರಿಲ್‌ನಲ್ಲಿ ಗಂಡುಗಳನ್ನು ಎರಡು ಹೊಂಡಕ್ಕೆ ಹಂಚಿದೆ. ಎರಡಕ್ಕೂ ಶೇಂಗಾ ಹಿಂಡಿ, ಅಕ್ಕಿ ತೌಡು. ಒಂದಕ್ಕೆ ಮಾತ್ರ ಅಶ್ವಗಂಧದ ಬೇರಿನ ಪುಡಿ, ಅದೇ ನಮ್ಮ ಹಿರೇಮದ್ದು, ಕೆಜಿ ಮೇವಿಗೆ 10 ಗ್ರಾಂ. ಸುಮ್ನೆ ಉದುರಿಸಿದರೆ ನೀರುಪಾಲು. ಗೋಧಿ ಹಿಟ್ಟಿನ ಗಂಜಿಯಲ್ಲಿ ಕಲಸಿ, ಅವ್ವನ ಶ್ಯಾವಿಗೆ ಒರಳಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿದೆ. ಒರಳು ಬಳಸಿದ್ದಕ್ಕೆ ಅವ್ವ ಬೇಜಾರಾಗಲಿಲ್ಲ. 'ತಮ್ಮಾ, ಹೆಣ್ಣಿಗೆ ಹಲವು ಮಕ್ಕಳ ತಾಯಿ ಬೇರು ಹಾಕೋ, ನಾವು ಬಾಣಂತಿಗೆ ಕೊಡ್ತೀವಲ್ಲ' ಅಂದಳು. ಶತಾವರಿ. ಒಳ್ಳೆಯ ಮಾತೇ. ಆದರೆ ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗಲ್ಲ. ಮುಂದಿನ ವರ್ಷ ನೋಡೋಣ ಅಂದೆ.

ಗಿಡಮೂಲಿಕೆ ಅಂದ ಕೂಡಲೇ ಒಳ್ಳೆಯದೇ ಅಂದುಕೊಳ್ಳಬೇಡಿ. ತಿಲಾಪಿಯಾ ವಿಪರೀತ ಮರಿ ಹಾಕದಿರಲಿ ಅಂತ ಪಪ್ಪಾಯಿ ಬೀಜ ತಿನ್ನಿಸುವುದುಂಟು. ಹಿರೇಮದ್ದು ಇಂಜೆಕ್ಷನ್ ಬದಲಿಗೂ ಅಲ್ಲ. ನಿಂತ ನೀರಲ್ಲಿ ರೋಹು ತಾನಾಗಿ ಮೊಟ್ಟೆ ಇಡುವುದಿಲ್ಲ. 1957ರ ಇದೇ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಮೀನುಗಳಿಗೆ ಪಿಟ್ಯುಟರಿ (ಮೆದುಳಿನ ಬುಡದ) ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದ್ದರು. ಆ ನೆನಪಿಗೇ ಇವತ್ತು ಮೀನು ಕೃಷಿಕರ ದಿನ. ನನ್ನಂಥವರ ಹೊಂಡದಲ್ಲಿ ಮರಿ ಆಗುತ್ತಿರುವುದು ಅವರಿಂದ.

ಬೆಳಿಗ್ಗೆ ಆರಕ್ಕೆ ಎರಡೂ ಹಾಪಾದಿಂದ ಒಂದೊಂದು ಬಟ್ಟಲು ತೆಗೆದು ನೂರು ನೂರು ಮೊಟ್ಟೆ ಎಣಿಸಿದೆ. ಫಲಿತದ್ದು ನೆನೆಸಿದ ಸಾಬುದಾಣಿಯಂತೆ, ಆಚೆಯ ಬೆರಳು ಕಾಣುತ್ತದೆ. ಕೆಟ್ಟದ್ದು ಒಣ ಸಾಬುದಾಣಿಯ ಬಿಳುಪು. ಬರೀ ಹಿಂಡಿ ತಿಂದ ಗಂಡುಗಳ ಕಡೆ ಬಿಳಿಯವು 43. ಹಿರೇಮದ್ದು ತಿಂದವುಗಳ ಕಡೆ 19.

ಎರಡೇ ಹಾಪಾ, ಒಂದೇ ರಾತ್ರಿ. ಹೆಣ್ಣುಗಳೂ ಬೇರೆ ಬೇರೆ. ಇದನ್ನೇ ನಂಬಿ ಯಾರಿಗೂ ಪುಡಿ ಕೊಳ್ಳಿ ಅನ್ನಲಾರೆ. ಆಗಸ್ಟ್ ಒಳಗೆ ಇನ್ನೂ ನಾಲ್ಕು ಜೊತೆ ಮಾಡಿ, ಗಂಡುಗಳನ್ನು ಅದಲು ಬದಲು ಮಾಡಿ ನೋಡಬೇಕು.

ಈಗ ಮಧ್ಯಾಹ್ನ ಮೂರೂವರೆ. ಮೊಟ್ಟೆಯೊಳಗೆ ಬಾಲ ಮಿಸುಕಾಡುತ್ತಿದೆ. ರಾತ್ರಿ ಊಟದ ಹೊತ್ತಿಗೆ ಒಡೆಯಬಹುದು.